ಐತಿಹಾಸಿಕ ತಾಣಗಳ ಸಂದರ್ಶನ: ಕಳ್ಳರ ಭಯ, ಕಡಲಿನ ಭಯ ಮತ್ತು ನಮ್ಮ ಅವಸರ

2024ರ ಡಿಸೆಂಬರ್ 4ರಂದು ಗೇಟ್‌ವೇ ಆಫ್ ಇಂಡಿಯಾ ತನ್ನ ಉದ್ಘಾಟನೆಯ ನೂರು ವರ್ಷಗಳನ್ನು ಪೂರೈಸಿತು. ಜಾರ್ಜ್ ವಿಟೆಟ್ ಎಂಬ ವಾಸ್ತುಶಿಲ್ಪಿ ರೂಪಿಸಿದ, 26 ಮೀಟರ್ ಎತ್ತರದ ಆ ಕಮಾನು ಊರಿನಿಂದ ಬರುವ ನೆಂಟರಿಷ್ಟರಿಗೆ ಮುಂಬಯಿ ಕನ್ನಡಿಗರು ಮೊತ್ತಮೊದಲು ತೋರಿಸುವ ಸ್ಮಾರಕ. ಶತಮಾನ ತುಂಬಿ ಹದಿನಾಲ್ಕು ದಿನಗಳಾಗಿದ್ದವಷ್ಟೆ. ಡಿಸೆಂಬರ್ 18ರ ಅಪರಾಹ್ನ ಅದೇ ಕಮಾನಿನ ಬಳಿಯ ಜೆಟ್ಟಿಯಿಂದ ಘಾರಾಪುರಿಗೆ, ಅಂದರೆ ಎಲಿಫೆಂಟಾ ದ್ವೀಪಕ್ಕೆ, ಹೊರಟಿದ್ದ ‘ನೀಲ್‌ಕಮಲ್’ ಎಂಬ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿಯೊಂದು ಬಂದು ಅಪ್ಪಳಿಸಿತು. ಎಂಜಿನ್ ಪರೀಕ್ಷೆಯಲ್ಲಿದ್ದ ಆ ದೋಣಿ ಹತೋಟಿ ತಪ್ಪಿತ್ತು. ಒಟ್ಟು 15 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ರಜೆಯ ವಿಹಾರಕ್ಕೆಂದು ಮಕ್ಕಳೊಡನೆ ಹೊರಟವರೂ ಇದ್ದರು.

ಅಂದು ಬಿರುಗಾಳಿ ಬೀಸಿರಲಿಲ್ಲ. ಅಪರಾಧಿಗಳ ಕೈವಾಡವೂ ಅಲ್ಲಿರಲಿಲ್ಲ. ಡಿಕ್ಕಿಯನ್ನು ತಪ್ಪಿಸುವುದು ಯಾವ ಪ್ರಯಾಣಿಕನ ಕೈಯಲ್ಲೂ ಇರಲಿಲ್ಲ. ಆದರೆ ಆ ದೋಣಿಗಿದ್ದ ಪರವಾನಗಿ 84 ಪ್ರಯಾಣಿಕರಿಗೆ ಮತ್ತು 6 ಸಿಬ್ಬಂದಿಗೆ. ಅದರಲ್ಲಿದ್ದವರು ನೂರಕ್ಕೂ ಹೆಚ್ಚು. ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲವೆಂದು ಬದುಕುಳಿದವರೇ ಹೇಳಿದರು. ಡಿಕ್ಕಿ ಆಕಸ್ಮಿಕವಾದರೂ ದೋಣಿಯಲ್ಲಿದ್ದ ತಲೆಗಳ ಎಣಿಕೆ ಆಕಸ್ಮಿಕವಲ್ಲ. ಜಾಕೆಟ್ ಇಲ್ಲದಿದ್ದುದೂ ಆಕಸ್ಮಿಕವಲ್ಲ. ದುರಂತದ ಬೆನ್ನಲ್ಲೇ ಗೇಟ್‌ವೇಯಿಂದ ಹೊರಡುವ ಪ್ರಯಾಣಿಕರೆಲ್ಲರಿಗೂ ಲೈಫ್ ಜಾಕೆಟ್ ಕಡ್ಡಾಯವಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಗೆ ಇದಕ್ಕಿಂತ ಸಮೀಪದ ಉದಾಹರಣೆ ಬೇಕಿಲ್ಲ.

ಈ ಘಟನೆಯನ್ನು ಮುಂದಿಟ್ಟುಕೊಂಡು ಒಂದು ಮಾತನ್ನು ವಿಚಾರಕ್ಕೆ ತರಬೇಕಾಗಿದೆ. ನಮ್ಮ ಮಹಾನಗರದ ಐತಿಹಾಸಿಕ ತಾಣಗಳಲ್ಲಿ ಸಂಭವಿಸುವ ಅವಘಡಗಳಿಗೆ ಬಹುಮಟ್ಟಿಗೆ ಮುನ್ಸೂಚನೆ ಇದ್ದೇ ಇರುತ್ತದೆ. ಹವಾಮಾನ ಇಲಾಖೆಯ ಪ್ರಕಟಣೆ, ಸಮುದ್ರದ ಉಬ್ಬರವಿಳಿತದ ವೇಳಾಪಟ್ಟಿ, ದೋಣಿಯ ಮೇಲೆ ಬರೆದ ಪ್ರಯಾಣಿಕರ ಸಂಖ್ಯೆ ಇವೆಲ್ಲ ಸೂಚನೆಗಳೇ. ನಾವು ಅವನ್ನು ಗಮನಿಸುವ ಹೊತ್ತಿಗೆ ಟಿಕೇಟು ಕೊಂಡಾಗಿರುತ್ತದೆ, ಸರತಿಯಲ್ಲಿ ನಿಂತಾಗಿರುತ್ತದೆ, ಹಿಂದಿನಿಂದ ಜನ ನೂಕುತ್ತಿರುತ್ತಾರೆ. ಆದುದರಿಂದ ಸುರಕ್ಷತೆಯ ನಿರ್ಧಾರವನ್ನು ಜೆಟ್ಟಿಯ ಮೇಲೆ ಕೈಗೊಳ್ಳುವುದಕ್ಕಿಂತ ಹಿಂದಿನ ರಾತ್ರಿ ಮನೆಯಲ್ಲಿ ಕೈಗೊಳ್ಳುವುದು ಲೇಸು.

ನಮಗೂ ಈ ತಾಣಗಳಿಗೂ ಇರುವ ನಂಟು

ಇದು ಬರಿಯ ಪ್ರವಾಸಿಗರ ಸಮಸ್ಯೆ ಎಂದು ನಾವು ತಳ್ಳಿಹಾಕುವಂತಿಲ್ಲ. ಎಪ್ರಿಲ್-ಮೇ ತಿಂಗಳ ಶಾಲಾ ರಜೆಯಲ್ಲಿ ಊರಿನಿಂದ ಮಕ್ಕಳು, ಅಜ್ಜ-ಅಜ್ಜಿಯಂದಿರು ನಮ್ಮ ಮನೆಗಳಿಗೆ ಬರುತ್ತಾರೆ. ಸಂಘ-ಸಂಸ್ಥೆಗಳ ಮಹಿಳಾ ವಿಭಾಗಗಳು, ಯುವ ವಿಭಾಗಗಳು ವರ್ಷಕ್ಕೊಮ್ಮೆಯಾದರೂ ಬಸ್ಸು ಮಾಡಿಕೊಂಡು ವಿಹಾರಕ್ಕೆ ಹೊರಡುತ್ತವೆ. ಹಾಗೆ ಹೊರಟಾಗ ಘಾರಾಪುರಿ, ಬೊರಿವಲಿಯ ಕಾನ್ಹೇರಿ, ವಸಯಿ ಕೋಟೆ, ರಾಯಗಢ ಇವುಗಳ ಹೆಸರುಗಳೇ ಮೊದಲು ಕೇಳಿಬರುತ್ತವೆ.

ಈ ತಾಣಗಳೊಡನೆ ಕನ್ನಡ ನಾಡಿಗೆ ಹಳೆಯ ನಂಟೂ ಇದೆ. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ‘ಪುರಿ’ಯನ್ನು ಮುತ್ತಿದ್ದನ್ನು ವರ್ಣಿಸಿದ್ದಾನೆ. ಆ ಪುರಿ ಇಂದಿನ ಘಾರಾಪುರಿಯೇ ಎಂದು ಅಭಿಪ್ರಾಯಪಡುವ ಇತಿಹಾಸಕಾರರಿದ್ದಾರೆ. ಕಾನ್ಹೇರಿಯ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಿಲಾಹಾರ ಸಾಮಂತರ ಕಾಲದ ಶಾಸನಗಳಿದ್ದು, ಅವುಗಳಲ್ಲಿ ಅವರ ಒಡೆಯನಾದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಉಲ್ಲೇಖವಿದೆ. ‘ಕವಿರಾಜಮಾರ್ಗ’ದೊಡನೆ ನಾವು ನೆನೆಯುವ ಅದೇ ಅಮೋಘವರ್ಷ. ಮಕ್ಕಳನ್ನು ಇಲ್ಲಿಗೆಲ್ಲ ಕರೆದೊಯ್ಯಬೇಕು. ಭಯದಿಂದ ಮನೆಯಲ್ಲಿ ಕುಳಿತರೆ ಈ ನಂಟು ಮುಂದಿನ ಪೀಳಿಗೆಗೆ ದಾಟುವುದಿಲ್ಲ. ಹೋಗಬೇಕಾದ್ದು ಹೌದಾದರೆ, ಯಾವಾಗ ಹೋಗಬೇಕು, ಹೇಗೆ ಹೋಗಬೇಕು, ಯಾವಾಗ ಅರ್ಧದಾರಿಯಿಂದ ಮರಳಬೇಕು ಎಂಬುದನ್ನು ಯೋಚಿಸಬೇಕು.

ಮಳೆ, ಗಾಳಿ, ಕಡಲು

ಮುಂಬಯಿಯ ಮಳೆಯನ್ನು ತಾವು ಬಲ್ಲೆವೆಂಬ ಭಾವನೆ ಇಲ್ಲಿ ನೆಲೆಸಿದವರಲ್ಲಿ ಬೇರೂರಿದೆ. ಆ ಭಾವನೆಗೆ ದೊಡ್ಡ ಪೆಟ್ಟು ಕೊಟ್ಟ ದಿನ 2005ರ ಜುಲೈ 26. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ದಾಖಲಾದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ಗೇಟ್‌ವೇ ಬಳಿ ನಿಂತು ಆಕಾಶ ನೋಡಿದವನಿಗೆ ಉಪನಗರಗಳಲ್ಲಿ ನಡೆಯುತ್ತಿದ್ದ ಪ್ರಳಯದ ಸುಳಿವೂ ಸಿಗುವಂತಿರಲಿಲ್ಲ. ಇರುವಲ್ಲಿನ ಆಕಾಶ ನೋಡಿ ಹೋಗುವಲ್ಲಿನ ಹವೆಯನ್ನು ಊಹಿಸಬಾರದೆಂಬ ಪಾಠವನ್ನು ಆ ಎರಡು ಅಂಕಿಗಳೇ ಕಲಿಸುತ್ತವೆ.

ಹವಾಮಾನ ಇಲಾಖೆ ತನ್ನ ಎಚ್ಚರಿಕೆಗಳನ್ನು ಜಿಲ್ಲಾವಾರು ಪ್ರಕಟಿಸುತ್ತದೆ. ಹಳದಿ ಬಣ್ಣವೆಂದರೆ ಗಮನದಲ್ಲಿಟ್ಟುಕೊಳ್ಳಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ ಎಂದು ಅರ್ಥ. ದಿನವೊಂದಕ್ಕೆ 64.5 ಮಿಲಿಮೀಟರ್ ಮೀರಿದರೆ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ ಮಳೆ ಎಂಬುದು ಇಲಾಖೆಯ ಅಳತೆ. ಇಲ್ಲಿ ನಮ್ಮವರು ಎಡವುವ ಒಂದು ಸಣ್ಣ ಸಂಗತಿ ಇದೆ. ಘಾರಾಪುರಿಗೆ ನಾವು ದೋಣಿ ಹತ್ತುವುದು ಮುಂಬಯಿಯಲ್ಲಾದರೂ ಆ ದ್ವೀಪವಿರುವುದು ರಾಯಗಡ ಜಿಲ್ಲೆಯ ಉರಣ್ ತಾಲೂಕಿನಲ್ಲಿ. ವಸಯಿ ಕೋಟೆ 2014ರಿಂದ ಪಾಲಘರ್ ಜಿಲ್ಲೆಗೆ ಸೇರಿದೆ. ಮುಂಬಯಿಗೆ ಹಳದಿ ಸೂಚನೆ ಇದ್ದ ದಿನ ರಾಯಗಡಕ್ಕೆ ಕೆಂಪು ಸೂಚನೆ ಇರಬಹುದು. ಹೊರಡುವ ಜಿಲ್ಲೆ, ತಲಪುವ ಜಿಲ್ಲೆ ಎರಡರ ಎಚ್ಚರಿಕೆಯನ್ನೂ ನೋಡುವುದು ಕ್ಷೇಮ. ಮುಂದಿನ ಮೂರು ಗಂಟೆಗಳ ಹವೆಯನ್ನು ತಿಳಿಸುವ ತತ್ಕಾಲದ ಮುನ್ಸೂಚನೆಯೂ ಇಲಾಖೆಯಿಂದ ಲಭ್ಯವಿದೆ. ದೋಣಿ ಹತ್ತುವ ಮುನ್ನ ಅದನ್ನೊಮ್ಮೆ ನೋಡಲು ಒಂದು ನಿಮಿಷ ಸಾಕು.

ಮಳೆಯ ಜೊತೆಗೆ ಗಮನಿಸಬೇಕಾದದ್ದು ಸಮುದ್ರದ ಉಬ್ಬರ. ಅಲೆಗಳ ಮಟ್ಟ ನಾಲ್ಕೂವರೆ ಮೀಟರ್ ದಾಟುವ ಹೊತ್ತಿಗೆ ಭಾರೀ ಮಳೆಯೂ ಸೇರಿಕೊಂಡರೆ ನಗರದ ಚರಂಡಿಗಳ ನೀರು ಕಡಲಿಗೆ ಹರಿಯಲಾರದೆ ರಸ್ತೆಗೇ ಮರಳುತ್ತದೆ. ಅಂಥ ದಿನಗಳ ಪಟ್ಟಿಯನ್ನು ಮಹಾನಗರ ಪಾಲಿಕೆ ಪ್ರತಿ ಮಳೆಗಾಲಕ್ಕೆ ಮುನ್ನವೇ ಪ್ರಕಟಿಸುತ್ತದೆ. ಹಬ್ಬ-ಹರಿದಿನಗಳನ್ನು ಗುರುತು ಮಾಡುವ ಮನೆಯ ಕ್ಯಾಲೆಂಡರಿನಲ್ಲಿ ಈ ದಿನಗಳನ್ನೂ ಗುರುತಿಸಿಟ್ಟರೆ ಸಂಘದ ವಿಹಾರದ ದಿನಾಂಕ ಗೊತ್ತುಪಡಿಸುವಾಗ ಉಪಯೋಗಕ್ಕೆ ಬರುತ್ತದೆ.

ಬಿರುಗಾಳಿ ಮಳೆಗಾಲಕ್ಕೇ ಕಾಯುವುದಿಲ್ಲ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿಯ ಪಕ್ಕದಲ್ಲೇ ಹಾದುಹೋದಾಗ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿಲೋಮೀಟರ್ ಮುಟ್ಟಿತ್ತು. ಗೇಟ್‌ವೇ ಬಳಿಯ ತಡೆಗೋಡೆಯನ್ನು ಹಾರಿ ಬಂದ ಅಲೆಗಳು ಕಲ್ಲು-ಕಸವನ್ನು ಅಂಗಳದ ತುಂಬ ಎಸೆದಿದ್ದವು. ಅದೇ ಚಂಡಮಾರುತದಲ್ಲಿ ಬಾಂಬೆ ಹೈ ತೈಲ ಕ್ಷೇತ್ರದ ಬಳಿ ‘ಪಿ-305’ ಎಂಬ ಬಾರ್ಜ್ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಮಡಿದರು. ಚಂಡಮಾರುತದ ಸೂಚನೆ ದಿನಗಳ ಮೊದಲೇ ಬಂದಿತ್ತು. ಆದರೂ ಆ ಬಾರ್ಜ್ ಬಂದರಿಗೆ ಮರಳಿರಲಿಲ್ಲ.

2024ರ ಮೇ 13ರ ಸಂಜೆಯದು ಇನ್ನೊಂದು ಬಗೆಯ ಪಾಠ. ಧೂಳು ಎಬ್ಬಿಸಿಕೊಂಡು ಬಂದ ಬಿರುಗಾಳಿಗೆ ಘಾಟ್‌ಕೋಪರಿನ ಪೆಟ್ರೋಲ್ ಪಂಪೊಂದರ ಮೇಲೆ ದೈತ್ಯ ಜಾಹೀರಾತು ಫಲಕ ಉರುಳಿ 17 ಮಂದಿ ಅಸುನೀಗಿದರು. ಗಾಳಿ ಬೀಸಿದಾಗ ಎಲ್ಲಿಗೆ ಓಡುತ್ತೇವೆ ಎಂಬುದೂ ಗಾಳಿಯಷ್ಟೇ ಮುಖ್ಯವೆಂಬುದು ಅಂದು ಮನದಟ್ಟಾಯಿತು. ಜಾಹೀರಾತು ಫಲಕದ ಕೆಳಗೆ, ಹಳೆಯ ಕೋಟೆಯ ಶಿಥಿಲ ಗೋಡೆಯ ಮಗ್ಗುಲಲ್ಲಿ, ಒಂಟಿ ಮರದ ಅಡಿಯಲ್ಲಿ, ತಗಡಿನ ಚಪ್ಪರದ ಕೆಳಗೆ ಆಶ್ರಯ ಪಡೆಯುವುದು ಮಳೆಯಲ್ಲಿ ನೆನೆಯುವುದಕ್ಕಿಂತ ಹೆಚ್ಚು ಅಪಾಯಕರ. ಮೇ ತಿಂಗಳ ಇಂಥ ಗಾಳಿಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಕಾಣಿಸಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ನೆಂಟರು ತುಂಬಿರುವ ತಿಂಗಳೂ ಅದೇ ಆದುದರಿಂದ ಬೆಳಗ್ಗೆ ಹೋಗಿ ಮಧ್ಯಾಹ್ನದೊಳಗೆ ಮರಳುವ ಕ್ರಮವೇ ಒಳ್ಳೆಯದು.

ಬೆಟ್ಟದ ಮೇಲಿನ ಕೋಟೆಗಳ ವಿಚಾರ ಬೇರೆ. 2024ರ ಜುಲೈಯಲ್ಲಿ ರಾಯಗಢದ ಮೇಲೆ ಸುರಿದ ಮಳೆಗೆ ಕೋಟೆಯ ಮೆಟ್ಟಿಲುಗಳೇ ಜಲಪಾತಗಳಾದವು. ಇಳಿಯುತ್ತಿದ್ದ ಪ್ರವಾಸಿಗರು ಗೋಡೆ, ಕಂಬಿಗಳನ್ನು ಹಿಡಿದು ಪ್ರಾಣ ಉಳಿಸಿಕೊಂಡರು. ಬಳಿಕ ಜಿಲ್ಲಾಡಳಿತ ಕೋಟೆಗೆ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ಹಳೆಯ ಕೋಟೆಗಳ ಮೆಟ್ಟಿಲುದಾರಿ ಇಳಿಜಾರಿನಲ್ಲೇ ಇರುವುದರಿಂದ, ಬೆಟ್ಟದ ತಲೆಯ ಮೇಲೆ ಬಿದ್ದ ನೀರು ಕೆಳಗಿಳಿಯುವ ದಾರಿಯೂ ಅದೇ ಆಗಿಬಿಡುತ್ತದೆ. ಕೆಳಗೆ ತುಂತುರು ಹನಿಯುತ್ತಿರುವಾಗಲೇ ಮೇಲಿನಿಂದ ಕೆಂಪು ನೀರು ಇಳಿಯತೊಡಗಿದರೆ ಮುಂದಕ್ಕೆ ಹೆಜ್ಜೆ ಇಡಬಾರದು. ದಾರಿಯ ಬದಿಯ ಗಟ್ಟಿ ನೆಲವನ್ನು ಹಿಡಿದು ನೀರಿನ ರಭಸ ಇಳಿಯುವ ತನಕ ಅಲ್ಲೇ ನಿಲ್ಲಬೇಕು.

ಕಾನ್ಹೇರಿಯಲ್ಲಿ ಇದಕ್ಕೊಂದು ಐತಿಹಾಸಿಕ ನಿದರ್ಶನವೇ ಇದೆ. ನೂರಕ್ಕೂ ಮಿಕ್ಕಿದ ಆ ಗುಹೆಗಳನ್ನು ಕೊರೆದವರು ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಸಣ್ಣ ಕಾಲುವೆಗಳ ಮೂಲಕ ಗುಹೆಗಳ ಪಕ್ಕದ ಕಲ್ಲಿನ ತೊಟ್ಟಿಗಳಿಗೆ ಹರಿಸಿಕೊಂಡಿದ್ದರು. ಮಳೆಗಾಲದ ಮೂರು ತಿಂಗಳು ಸಂಚಾರ ನಿಲ್ಲಿಸಿ ಒಂದೆಡೆ ನೆಲೆಸುವುದು ಬೌದ್ಧ ಭಿಕ್ಷುಗಳಿಗೆ ವಿಧಿಸಿದ ನಿಯಮವಾಗಿತ್ತು. ಅದನ್ನು ವರ್ಷಾವಾಸ ಎನ್ನುತ್ತಾರೆ. ಮಳೆಗೆ ತಲೆಬಾಗಿ ಕಟ್ಟಿಕೊಂಡ ತಾಣಕ್ಕೆ ನಾವು ಮಳೆಯನ್ನು ಲೆಕ್ಕಿಸದೆ ಹೋಗುತ್ತೇವೆ. ಪಾಚಿಗಟ್ಟಿದ ಆ ಬಂಡೆಗಳ ಮೇಲೆ ಸಾಮಾನ್ಯ ಚಪ್ಪಲಿ ನಿಲ್ಲದು. ಗುಹೆಗಳ ನಡುವಿನ ತೊರೆ ಮಳೆ ಬಿದ್ದ ಅಲ್ಪ ಸಮಯದಲ್ಲೇ ಉಕ್ಕುತ್ತದೆ.

ಕಳ್ಳತನ, ವಂಚನೆ ಮತ್ತು ನಿರ್ಜನ ತಾಣಗಳ ಅಪಾಯ

ಅಪರಾಧದ ವಿಷಯಕ್ಕೆ ಬಂದರೆ, ಸ್ಮಾರಕಗಳ ಸುತ್ತಲಿನ ಅಪಾಯವನ್ನು ಮೂರು ಬಗೆಯಾಗಿ ನೋಡಬಹುದು. ಮೊದಲನೆಯದು ಜನಜಂಗುಳಿಯದು. ದೋಣಿ ಹತ್ತುವಾಗ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಬುತ್ತಿಯ ಚೀಲ ಇದ್ದವರ ಜೇಬಿನ ಮೊಬೈಲಿಗೆ ಕಾವಲು ಇರುವುದಿಲ್ಲ. ಅಜ್ಜಿಯಂದಿರು ಕರಿಮಣಿ ಸರ, ಬಳೆ ತೊಟ್ಟೇ ಹೊರಡುತ್ತಾರೆ. ಬೇಡವೆಂದರೆ ಮನಸ್ಸಿಗೆ ನೋವಾಗುತ್ತದೆ. ಆದರೂ ಹೇಳಲೇಬೇಕು. ಎಲಿಫೆಂಟಾದ ಮಂಗಗಳು ಕೈಯಲ್ಲಿರುವ ತಿಂಡಿಯ ಪೊಟ್ಟಣಕ್ಕೆ ಹಾರುವುದನ್ನು ನೋಡಿ ನಾವು ನಗುತ್ತೇವೆ. ಎಲ್ಲರೂ ಮಂಗನನ್ನು ನೋಡುತ್ತಿರುವ ಆ ಗಳಿಗೆಯೂ ಕಿಸೆಗಳ್ಳನಿಗೆ ಅನುಕೂಲದ ಗಳಿಗೆಯೇ.

ಎರಡನೆಯದು ವಂಚನೆ. ಸರತಿ ಇಲ್ಲದೆ ದೋಣಿ ಹತ್ತಿಸುತ್ತೇನೆಂದು ಹೆಚ್ಚು ಹಣ ಕೇಳುವವರು, ಗುರುತುಚೀಟಿ ಇಲ್ಲದ ಮಾರ್ಗದರ್ಶಿಗಳು, ಒಂದು ಫೋಟೋ ಎಂದು ಹೇಳಿ ಹತ್ತಕ್ಕೆ ಹಣ ಕೇಳುವವರು ಎಲ್ಲ ಪ್ರವಾಸಿ ತಾಣಗಳಲ್ಲೂ ಇರುತ್ತಾರೆ. ಟಿಕೇಟನ್ನು ಕಿಟಕಿಯಲ್ಲೇ ಕೊಳ್ಳುವುದು, ದರವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು, ಮಾರ್ಗದರ್ಶಿಯ ಪರವಾನಗಿಯನ್ನು ಕೇಳಿ ನೋಡುವುದು ಇದಕ್ಕೆ ಉಪಾಯ. ಕೇಳಲು ಸಂಕೋಚಪಡಬೇಕಿಲ್ಲ, ನಿಜವಾದ ಮಾರ್ಗದರ್ಶಿಗೆ ತೋರಿಸಲೂ ಸಂಕೋಚವಿರುವುದಿಲ್ಲ.

ಮೂರನೆಯದು ನಿರ್ಜನತೆಯದು. ಇದು ಹೆಚ್ಚು ಗಂಭೀರ. 2013ರ ಆಗಸ್ಟ್ 22ರ ಸಂಜೆ ಮಹಾಲಕ್ಷ್ಮಿಯ ಪಾಳುಬಿದ್ದ ಶಕ್ತಿ ಮಿಲ್ಲಿನ ಆವರಣಕ್ಕೆ ಸಹೋದ್ಯೋಗಿಯೊಡನೆ ಛಾಯಾಚಿತ್ರ ತೆಗೆಯಲು ಹೋಗಿದ್ದ ಯುವ ಪತ್ರಕರ್ತೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅದು ನಗರದ ನಟ್ಟನಡುವೆ, ರೈಲು ನಿಲ್ದಾಣದ ಅಣತಿ ದೂರದಲ್ಲಿತ್ತು. ನಮ್ಮ ಹಂಪೆಯ ಸಮೀಪ, ಕೊಪ್ಪಳ ಜಿಲ್ಲೆಯ ಸಾಣಾಪುರದ ಬಳಿ, 2025ರ ಮಾರ್ಚ್ 6ರ ರಾತ್ರಿ ತುಂಗಭದ್ರಾ ಎಡದಂಡೆ ಕಾಲುವೆಯ ದಡದಲ್ಲಿ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆಯಿತು. ಇಬ್ಬರು ಮಹಿಳೆಯರು ಅತ್ಯಾಚಾರಕ್ಕೊಳಗಾದರು; ಕಾಲುವೆಗೆ ತಳ್ಳಲ್ಪಟ್ಟ ಒಡಿಶಾದ ಯುವಕನೊಬ್ಬ ಪ್ರಾಣ ಕಳೆದುಕೊಂಡ.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ‘ಆ ಹೊತ್ತಿನಲ್ಲಿ ಅವರು ಅಲ್ಲಿಗೆ ಯಾಕೆ ಹೋಗಬೇಕಿತ್ತು?’ ಎಂಬುದು. ಈ ಪ್ರಶ್ನೆಯನ್ನು ನಾವು ಕೈಬಿಡಬೇಕು. ಅಪರಾಧಕ್ಕೆ ಅಪರಾಧಿಯೇ ಹೊಣೆ, ಪಾಳು ತಾಣವನ್ನು ಬೇಲಿ-ಬೆಳಕು-ಕಾವಲು ಇಲ್ಲದೆ ಬಿಟ್ಟ ವ್ಯವಸ್ಥೆ ಎರಡನೆಯ ಹೊಣೆಗಾರ. ಹೋದವರನ್ನು ದೂರುವ ಮನೆಯಲ್ಲಿ, ನಾಳೆ ಮಗಳೊಬ್ಬಳಿಗೆ ತೊಂದರೆಯಾದರೂ ಆಕೆ ಬಾಯಿ ಬಿಡುವುದಿಲ್ಲ. ಅದರಿಂದ ಅಪಾಯ ಇಮ್ಮಡಿಸುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ವಸಯಿ ಕೋಟೆಯಂಥ ವಿಶಾಲವಾದ, ಗಿಡಗಂಟಿ ಬೆಳೆದ ತಾಣಗಳಿಗೆ ಗುಂಪಿನಲ್ಲಿ, ಹಗಲಿನಲ್ಲಿ ಹೋಗುವುದು ವಿವೇಕ. ಜೊತೆಯಲ್ಲೇ ಅಲ್ಲಿ ಗಸ್ತು ಬೇಕೆಂದು, ದೀಪ ಬೇಕೆಂದು ಲಿಖಿತವಾಗಿ ಕೇಳುವುದು ನಾಗರಿಕನ ಕರ್ತವ್ಯ.

ಭಯೋತ್ಪಾದನೆಯ ನೆರಳೂ ಇಲ್ಲಿಂದ ದೂರವಿಲ್ಲ. 2003ರ ಆಗಸ್ಟ್ 25ರಂದು ಗೇಟ್‌ವೇ ಬಳಿ ಹಾಗೂ ಝವೇರಿ ಬಜಾರ್‌ನಲ್ಲಿ ಟ್ಯಾಕ್ಸಿಗಳಲ್ಲಿಟ್ಟ ಬಾಂಬುಗಳು ಸ್ಫೋಟಿಸಿ 50ಕ್ಕೂ ಹೆಚ್ಚು ಜನ ಸತ್ತರು. 2008ರ ನವೆಂಬರ್ 26ರಂದು ಕಡಲ ಮಾರ್ಗವಾಗಿ ಬಂದ ಉಗ್ರರು ತಾಜ್ ಹೋಟೆಲಿನಿಂದ ಹಿಡಿದು, ವಿಶ್ವ ಪರಂಪರೆಯ ತಾಣವಾದ ಛತ್ರಪತಿ ಶಿವಾಜಿ ಟರ್ಮಿನಸ್‌ವರೆಗೆ ನಡೆಸಿದ ದಾಳಿಯಲ್ಲಿ 166 ಮಂದಿ ಬಲಿಯಾದರು. ಚೀಲ ತೆರೆದು ತೋರಿಸಬೇಕಾದಾಗ ಗೊಣಗುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಎರಡು ಭಯಗಳು ಕೂಡುವ ಗಳಿಗೆ

ಕಳ್ಳರ ಭಯವನ್ನೂ ಕಡಲಿನ ಭಯವನ್ನೂ ನಾವು ಬೇರೆ ಬೇರೆಯಾಗಿ ಯೋಚಿಸುತ್ತೇವೆ. ವಾಸ್ತವದಲ್ಲಿ ಅವೆರಡೂ ಒಂದೇ ಗಳಿಗೆಯಲ್ಲಿ ಕೂಡುತ್ತವೆ. ಹಠಾತ್ತನೆ ಗಾಳಿಮಳೆ ಬಂತೆನ್ನಿ, ಅಥವಾ ಸಂಜೆಯ ಕೊನೆಯ ದೋಣಿ ಹೊರಡುವ ಹೊತ್ತಾಯಿತೆನ್ನಿ. ಎಲ್ಲರೂ ಒಟ್ಟಿಗೆ ಜೆಟ್ಟಿಯತ್ತ ಧಾವಿಸುತ್ತಾರೆ. ಮಿತಿ ಮೀರಿ ಜನ ದೋಣಿ ಹತ್ತುವುದು ಆಗಲೇ, ಮಗುವಿನ ಕೈ ತಪ್ಪುವುದು ಆಗಲೇ, ಜೇಬಿಗೆ ಕೈ ಬೀಳುವುದೂ ಆಗಲೇ. ಒಂದು ದೋಣಿಯಿಂದ ಪಕ್ಕದ ದೋಣಿಗೆ ದಾಟಿ ಹತ್ತಬೇಕಾದಲ್ಲಿ ವಯಸ್ಸಾದವರು ಕಾಲು ಜಾರುವುದೂ ಆಗಲೇ.

2017ರ ಸೆಪ್ಟೆಂಬರ್ 29ರಂದು ಆಗಿನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಪಾದಚಾರಿ ಸೇತುವೆಯ ಮೇಲೆ ನಡೆದ ಕಾಲ್ತುಳಿತದಲ್ಲಿ 23 ಮಂದಿ ಸತ್ತದ್ದು ಇಂಥದೇ ಗಳಿಗೆಯಲ್ಲಿ. ಅಂದು ಬಿದ್ದದ್ದು ಒಂದು ಸಾಮಾನ್ಯ ಮಳೆ. ನೆನೆಯಬಾರದೆಂದು ಜನ ಸೇತುವೆಯ ಮೇಲೆ ನಿಂತರು, ಹಿಂದಿನಿಂದ ಇನ್ನಷ್ಟು ಜನ ಬಂದರು. ಪ್ರಾಣಕ್ಕೆ ಎರವಾದದ್ದು ಜನದಟ್ಟಣೆ, ಇಕ್ಕಟ್ಟಾದ ದಾರಿ ಮತ್ತು ಅವಸರ. ಸ್ಮಾರಕಗಳ ಜೆಟ್ಟಿ, ಕಡಿದಾದ ಮೆಟ್ಟಿಲು, ಕಿರಿದಾದ ಬಾಗಿಲುಗಳಿಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಕೊನೆಯ ದೋಣಿಗಾಗಿ ಕಾಯದೆ ಅದಕ್ಕಿಂತ ಎರಡು ದೋಣಿ ಮೊದಲೇ ಮರಳುವ ಒಂದು ಅಭ್ಯಾಸದಿಂದ ಈ ಅಪಾಯದ ಬಹುಪಾಲು ತಪ್ಪುತ್ತದೆ.

ಆಡಳಿತದ ಹೊಣೆ

ಎಲ್ಲವನ್ನೂ ಪ್ರವಾಸಿಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ದೋಣಿಯಲ್ಲಿ 84 ಜನರಿಗಷ್ಟೇ ಅನುಮತಿ ಎಂದಾದರೆ 85ನೆಯ ವ್ಯಕ್ತಿಯನ್ನು ತಡೆಯಬೇಕಾದದ್ದು ಜೆಟ್ಟಿಯಲ್ಲಿ ನಿಂತ ಅಧಿಕಾರಿ. ಟಿಕೇಟು ಹಿಡಿದ ಗೃಹಿಣಿಯಲ್ಲ. ಸಂಖ್ಯೆಯ ಎಣಿಕೆ ಪ್ರತಿ ದೋಣಿಗೂ ನಡೆಯಬೇಕು. ಮಕ್ಕಳ ಅಳತೆಯ ಲೈಫ್ ಜಾಕೆಟ್‌ಗಳು ಬೇಕು; ದೊಡ್ಡವರ ಜಾಕೆಟ್ ಮಗುವಿನ ತಲೆಯಿಂದ ಜಾರಿಹೋಗುತ್ತದೆ. ಹವಾಮಾನದ ಎಚ್ಚರಿಕೆಯನ್ನು ಟಿಕೇಟು ಕಿಟಕಿಯ ಮೇಲೆಯೇ ಬಣ್ಣ ಸಮೇತ ತೂಗುಹಾಕಬೇಕು. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆಯ ದಿನ ಹಣ ಹಿಂದಿರುಗಿಸುವ ನಿಯಮವಿದ್ದರೆ ಹೊರಟವರೂ ಸಮಾಧಾನದಿಂದ ಮರಳುತ್ತಾರೆ. ಗೇಟ್‌ವೇಯ ದಟ್ಟಣೆ ತಗ್ಗಿಸಲೆಂದು ರೇಡಿಯೋ ಕ್ಲಬ್ ಬಳಿ ಯೋಜಿಸಲಾದ ಹೊಸ ಜೆಟ್ಟಿಗೆ 2025ರಲ್ಲಿ ಬಾಂಬೆ ಹೈಕೋರ್ಟ್ ಹಸಿರು ನಿಶಾನೆ ತೋರಿತು. ಕಟ್ಟಡ ಹೊಸದಾದರೆ ಸಾಲದು. ಎಣಿಸುವ ಕ್ರಮವೂ ಹೊಸದಾಗಿ ಬರಬೇಕು.

ಕಾನೂನು ಕೊಟ್ಟಿರುವ ಅನುಕೂಲಗಳನ್ನು ನಾವು ಬಳಸಿಕೊಳ್ಳುವುದೂ ಅಗತ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸರ, ಮೊಬೈಲು ಮುಂತಾದವನ್ನು ಕಸಿದು ಓಡುವುದು ಪ್ರತ್ಯೇಕ ಅಪರಾಧ. ಅದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಅದೇ ದಿನ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ಕೊಟ್ಟರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ನೆಂಟರು ಕಳ್ಳತನದ ದೂರು ಕೊಡದೆ ಹೋಗುವುದು ಸಾಮಾನ್ಯವಾಗಿ ರಾತ್ರಿಯ ರೈಲು ತಪ್ಪುತ್ತದೆಂಬ ಕಾರಣಕ್ಕೆ. ಈಗ ಅವರು ಉಡುಪಿಯಲ್ಲೋ ಕಲಬುರಗಿಯಲ್ಲೋ ಇಳಿದ ಮೇಲೂ ದೂರು ದಾಖಲಿಸಬಹುದು. ಕಳೆದುಹೋದ ಮೊಬೈಲನ್ನು ಕೇಂದ್ರ ಸರಕಾರದ ‘ಸಂಚಾರ್ ಸಾಥಿ’ ವ್ಯವಸ್ಥೆಯ ಮೂಲಕ ನಿಷ್ಕ್ರಿಯಗೊಳಿಸಬಹುದು. ಮೊಬೈಲಿನಲ್ಲಿ ಬ್ಯಾಂಕಿನ ವ್ಯವಹಾರವಿದ್ದರೆ ಮೊದಲು ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು. ತುರ್ತು ಸಹಾಯಕ್ಕೆ 112, ಕರಾವಳಿ ಪೊಲೀಸರಿಗೆ 1093, ಕೋಸ್ಟ್ ಗಾರ್ಡಿಗೆ 1554, ಮಹಾನಗರ ಪಾಲಿಕೆಯ ವಿಪತ್ತು ನಿರ್ವಹಣಾ ವಿಭಾಗಕ್ಕೆ 1916. ಈ ಸಂಖ್ಯೆಗಳು ಮೊಬೈಲಿನಲ್ಲಿ ಮಾತ್ರ ಇದ್ದರೆ, ಮೊಬೈಲು ಕಳೆದ ದಿನ ಅವೂ ಕಳೆದಂತೆಯೇ. ಒಂದು ಚೀಟಿಯಲ್ಲಿ ಬರೆದು ಪ್ರತಿಯೊಬ್ಬರ ಕಿಸೆಯಲ್ಲಿಡುವುದು ಒಳಿತು.

ಮನೆ ಮತ್ತು ಸಂಘ ಮಾಡಬಹುದಾದದ್ದು

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳು ನಾಟಕ, ಯಕ್ಷಗಾನ, ಅರಸಿನ ಕುಂಕುಮಗಳನ್ನು ನಡೆಸುವಲ್ಲಿ ತೋರುವ ಅಚ್ಚುಕಟ್ಟುತನ ಎಲ್ಲರೂ ಬಲ್ಲ ವಿಷಯ. ವಿಹಾರದ ದಿನವೂ ಅದೇ ಅಚ್ಚುಕಟ್ಟು ಬೇಕು. ಹೊರಡುವವರ ಹೆಸರು, ವಯಸ್ಸು, ಮನೆಯವರ ದೂರವಾಣಿ, ನಿತ್ಯ ತೆಗೆದುಕೊಳ್ಳುವ ಔಷಧಿ ಇವುಗಳ ಪಟ್ಟಿ ಮಾಡಿ ಒಂದು ಪ್ರತಿಯನ್ನು ಸಂಘದ ಕಚೇರಿಯಲ್ಲೇ ಇಡಬೇಕು. ಹತ್ತು ಜನರಿಗೊಬ್ಬರಂತೆ ಜವಾಬ್ದಾರರನ್ನು ನೇಮಿಸಿ, ದೋಣಿ ಹತ್ತುವಾಗ ಮತ್ತು ಇಳಿದಾಗ ತಲೆ ಎಣಿಸಬೇಕು. ಮಕ್ಕಳ ಆ ದಿನದ ಉಡುಪಿನ ಚಿತ್ರವೊಂದನ್ನು ಬೆಳಗ್ಗೆಯೇ ತೆಗೆದಿಟ್ಟರೆ, ಮಗು ತಪ್ಪಿಸಿಕೊಂಡಾಗ ಪೊಲೀಸರಿಗೆ ವಿವರಿಸುವ ಕಷ್ಟವಿಲ್ಲ. ದಾರಿ ತಪ್ಪಿದವರು ಬಂದು ಸೇರಬೇಕಾದ ಜಾಗವನ್ನು ಮೊದಲೇ ಗೊತ್ತುಮಾಡಬೇಕು. ಸೂಚನಾ ಫಲಕಗಳು ಇಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿರುತ್ತವೆ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರಿಗೆ ಅವನ್ನು ಓದಿ ಹೇಳುವುದು ಜೊತೆಗಿರುವ ಕಿರಿಯರ ಕೆಲಸ.

ಎಲಿಫೆಂಟಾ ಸೋಮವಾರ ಮುಚ್ಚಿರುತ್ತದೆ. ಶನಿವಾರ, ಭಾನುವಾರ ತುಂಬಿ ತುಳುಕುತ್ತದೆ. ನಿವೃತ್ತರಿಗೂ ರಜೆಯಲ್ಲಿರುವ ಮಕ್ಕಳಿಗೂ ಮಂಗಳವಾರದಿಂದ ಶುಕ್ರವಾರದವರೆಗಿನ ಬೆಳಗಿನ ಹೊತ್ತು ಅನುಕೂಲ. ಜೆಟ್ಟಿಯಿಂದ ಗುಹೆಗೆ ಸುಮಾರು 120 ಮೆಟ್ಟಿಲು ಏರಬೇಕೆಂಬುದನ್ನು ಮೊಣಕಾಲು ನೋವಿನ ಹಿರಿಯರಿಗೆ ಮನೆಯಲ್ಲೇ ತಿಳಿಸುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಐವತ್ತು ಜನ ಹೊರಟಾಗ ‘ಇಂದು ಬೇಡ, ಹಿಂದಿರುಗೋಣ’ ಎಂದು ಹೇಳುವ ಅಧಿಕಾರ ಯಾರದು? ಬಹುಪಾಲು ವಿಹಾರಗಳಲ್ಲಿ ಅದು ಯಾರದೂ ಅಲ್ಲ. ಬಸ್ಸಿನ ಹಣ ಕೊಟ್ಟಾಗಿದೆ, ಊಟಕ್ಕೆ ಹೇಳಿಯಾಗಿದೆ, ದೂರದ ಡೊಂಬಿವಲಿಯಿಂದ, ಮೀರಾರೋಡಿನಿಂದ ಜನ ಬಂದಾಗಿದೆ. ಅಪಶಕುನ ನುಡಿದವರೆಂಬ ಹೆಸರು ಯಾರಿಗೂ ಬೇಡ. ಎಲ್ಲರ ಮನಸ್ಸಿನಲ್ಲೂ ಅಳುಕಿದ್ದು ಯಾರೂ ಬಾಯಿ ತೆರೆಯದ ಕಾರಣ ಐವತ್ತೂ ಜನ ದೋಣಿ ಹತ್ತುತ್ತಾರೆ. ಆದುದರಿಂದ ಪ್ರತಿ ವಿಹಾರಕ್ಕೂ ಒಬ್ಬರನ್ನು ಮೊದಲೇ ಹೆಸರಿಸಿ, ಅವರ ಮಾತೇ ಅಂತಿಮವೆಂದು ಹೊರಡುವ ಮುನ್ನ ಎಲ್ಲರಿಗೂ ತಿಳಿಸಬೇಕು. ಕಿತ್ತಳೆ ಎಚ್ಚರಿಕೆ ಇದ್ದರೆ ಕಡಲ ಪ್ರಯಾಣವಿಲ್ಲ, ಲೈಫ್ ಜಾಕೆಟ್ ಸಾಲದಿದ್ದರೆ ಆ ದೋಣಿ ಬೇಡ ಎಂಬ ಎರಡು ನಿಯಮಗಳನ್ನು ಆಮಂತ್ರಣದಲ್ಲೇ ಮುದ್ರಿಸಬಹುದು. ಪ್ರಯಾಣ ನಿಂತರೆ ನಷ್ಟವನ್ನು ಸಂಘ ಮತ್ತು ಸದಸ್ಯರು ಹೇಗೆ ಹಂಚಿಕೊಳ್ಳಬೇಕೆಂಬುದನ್ನೂ ಮೊದಲೇ ನಿರ್ಧರಿಸಿದರೆ, ಹಿಂದಿರುಗೋಣ ಎನ್ನುವವರ ನಾಲಗೆಗೆ ಹಣದ ಭಾರ ಇರುವುದಿಲ್ಲ.

ಹಾಗೆ ಹಿಂದಿರುಗಿದ ದಿನ ವ್ಯರ್ಥವಾಯಿತೆಂದು ಮಕ್ಕಳ ಮುಂದೆ ಗೊಣಗದಿರುವುದೂ ಹಿರಿಯರ ಕರ್ತವ್ಯ. ಘಾರಾಪುರಿಯ ಸದಾಶಿವ ಹದಿನಾಲ್ಕು ಶತಮಾನಗಳಿಗೂ ಮಿಕ್ಕಿ ಅಲ್ಲೇ ಇದ್ದಾನೆ, ಮುಂದಿನ ವಾರವೂ ಇರುತ್ತಾನೆ. ಬರುವ ಮಳೆಗಾಲಕ್ಕೆ ಮುನ್ನ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳು ಒಂದು ಸಭೆಯಲ್ಲಿ ಹತ್ತು ನಿಮಿಷವನ್ನು ಈ ವಿಷಯಕ್ಕೆ ಮೀಸಲಿಟ್ಟು, ಮುಂದಿನ ವಿಹಾರದಲ್ಲಿ ‘ಬೇಡ’ ಎನ್ನಬೇಕಾದವರು ಯಾರೆಂದು ಹೆಸರಿಸಲಿ.